ಮಾಸ್ತರರ ಎಡಗಡೆ

ಮಾಸ್ತರರು ಬರೆದ ಒಂದೊಂದು ನಾಟಕದಲ್ಲೂ ಒಂದೊಂದು ಗೋರಿ ಇರುತ್ತಿತ್ತು. ಮದುವೆಯ ನಾಟಕವಿರಲಿ, ಕಳ್ಳರ ನಾಟಕವಿರಲಿ, ಕೊನೆಯ ಅಂಕಕ್ಕೆ ಪರದೆ ಸರಿಯಿತೆಂದರೆ ಅಲ್ಲೊಂದು ಮಣ್ಣಿನ ದಿಬ್ಬ, ತಲೆಯ ಕಡೆ ಒಂದು ಕಲ್ಲು. ಅಣ್ಣನೇ ತಮ್ಮನ ಗೋರಿ ತೋಡುವುದು ಒಂದು ನಾಟಕ. ಬದುಕಿದ್ದಾಗಲೇ ತನಗೊಂದು ಗೋರಿ ಕಟ್ಟಿಸಿಕೊಂಡು ಅದರ ಮೇಲೆ ಕೂತು ಊರ ನ್ಯಾಯ ತೀರಿಸುವ ದೇಸಾಯಿಯದು ಇನ್ನೊಂದು. ಹಾಡುವ ಹೆಂಗಸೊಬ್ಬಳನ್ನು ಬಿಟ್ಟುಹೋದ ಗಂಡ ಇಪ್ಪತ್ತು ವರ್ಷದ ಮೇಲೆ ಬಂದು ಅವಳ ಗೋರಿಯ ಪಕ್ಕ ಕೂತು ಮಾತಾಡುವುದು ಮತ್ತೊಂದು. ಆ ಕೊನೆಯದನ್ನು ನೋಡಿ ಕಲಬುರಗಿಯಿಂದ ಹುಬ್ಬಳ್ಳಿಯವರೆಗೆ ಹೆಂಗಸರು ಸೆರಗು ಒದ್ದೆ ಮಾಡಿಕೊಂಡಿದ್ದರಂತೆ. ಒಂದು ಕಾಲಕ್ಕೆ ಅಷ್ಟು ಹೆಸರಿತ್ತು ಅವರಿಗೆ.

ನಾನು ಅವರನ್ನು ಕಂಡದ್ದು ಆ ಹೆಸರೆಲ್ಲ ಆರಿದ ಮೇಲೆ. ನಾಟಕ ಕಂಪನಿ ಮುಚ್ಚಿ, ಸೀನು ಸಿನರಿ ಮಾರಿ, ಹೆಂಡತಿಯನ್ನು ಕರೆದುಕೊಂಡು ಹೈದರಾಬಾದಿಗೆ ಬಂದು, ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ಟೈಂಕೀಪರ್ ಆಗಿದ್ದರು. ಯಾರು ಎಷ್ಟು ಗಂಟೆಗೆ ಬಂದರು, ಯಾರು ತಡವಾಗಿ ಬಂದರು ಎಂದು ಬರೆದುಕೊಳ್ಳುವ ಕೆಲಸ. ಅದೂ ಮುಗಿದು ನಿವೃತ್ತರಾದ ಮೇಲೆ ಹಿಮಾಯತ್‌ನಗರದ ಒಂದು ಗಲ್ಲಿಯಲ್ಲಿ, ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಗಂಡಹೆಂಡತಿ ಇಬ್ಬರೇ ಇದ್ದರು. ಮಕ್ಕಳಿರಲಿಲ್ಲ. ನಾನು ಗದಗಿನ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು, ಯಜಮಾನರದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ. ಕನ್ನಡ ಸಂಘದ ನಾಟಕಗಳಲ್ಲಿ ನಾನು ಪಕ್ಕದ ಪರದೆಯ ಹಿಂದೆ ನಿಂತು ಮಾತು ಮರೆತವರಿಗೆ ಹೇಳಿಕೊಡುತ್ತಿದ್ದೆ. ಬಣ್ಣ ಹಚ್ಚಿಕೊಳ್ಳುವಷ್ಟು ಚೆಲುವು ನನಗಿಲ್ಲ, ಗಂಟಲು ಮಾತ್ರ ಜೋರು. ಅವರ ನಾಟಕ ಆಡುವಾಗ ಸಾಲು ಸರಿಮಾಡಿಕೊಳ್ಳಲು ಹೋದವಳು ಹಾಗೆಯೇ ಮನೆಯವಳಾದೆ. ಭಾನುವಾರ ಬಂತೆಂದರೆ ಆ ಮೆಟ್ಟಿಲು ಹತ್ತುತ್ತಿದ್ದೆ.

ಅವರನ್ನು ಎಲ್ಲರೂ ಮಾಸ್ತರ್ರು ಅನ್ನುತ್ತಿದ್ದರು, ಅವರ ಹೆಂಡತಿಯನ್ನು ಅವ್ವಾರು. ಒಂದು ಭಾನುವಾರ ನಾನು ಕೇಳಿಯೇಬಿಟ್ಟೆ.

"ಮಾಸ್ತರ್ರ, ನಮ್ಮವರನ್ನ ಕೂಡಿಸಿ ಮಣ್ಣ ಮಾಡತಾರಲ್ರಿ. ನೀವ್ಯಾಕ ಎಲ್ಲಾ ನಾಟಕದಾಗೂ ಉದ್ದನ ಗೋರಿ ಬರದೀರಿ?"

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಚೌಕವಾದ ಗುಂಡಿ ತೋಡಿ, ಅದರ ಒಂದು ಬದಿಗೆ ಗೂಡು ಕೊರೆದು, ಪೂಜೆಗೆ ಕೂತ ಹಾಗೆ ಕಾಲು ಮಡಚಿ ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ ತುಂಬಿ ಮುಚ್ಚುತ್ತಾರೆ. ಮಾಸ್ತರರು ನನ್ನ ಪ್ರಶ್ನೆಗೆ ಮೂಗಿನಲ್ಲೇ ನಕ್ಕರು.

"ಚೌಕ ಕುಣಿ ತೋರಿಸಿದ್ರ ಮಂದಿ ಬಾವಿ ಅಂತ ತಿಳಕೊಂಡು ಕೊಡಾ ತರತಾರವ್ವ. ಉದ್ದಕ ಇತ್ತಂದ್ರನ ಅವರಿಗೆ ಸತ್ತಾರ ಅಂತ ಖಾತ್ರಿ ಆಗೋದು. ಗ್ಯಾಲರಿ ಮಂದೀಗೂ ಕಾಣಬೇಕಲ್ಲ?"

ಅಡುಗೆಮನೆಯ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅವ್ವಾರು ತಲೆ ಎತ್ತದೆ ಅಂದರು:

"ಇವರ ನಾಟಕದಾಗ ಹ್ಯಾಂಗರ ಇರವಲ್ಲದ್ಯಾಕ. ನನ್ನ ಮಾತ್ರ ಇವರ ಎಡಕ್ಕ ಕೂಡಸ್ರಿ ನೋಡವ್ವ, ಮದುವ್ಯಾಗ ಕುಂತಂಗ. ಅವತ್ತ ಒಂದಿನ ಪಕ್ಕದಾಗ ಕುಂತಿದ್ದು ಈ ಮನಷ್ಯಾ. ಆಮ್ಯಾಲ ಬರೇ ಕಂಪನಿ, ಬರೇ ನಾಟಕ, ಊರೂರು ತಿರುಗೋದು. ಸತ್ತ ಮ್ಯಾಲರ ಜೋಡೀಲೆ ಕುಂದ್ರೂದಾಗಲಿ."

ನಾವು ಮೂವರೂ ನಕ್ಕೆವು. ಆದರೆ ಅವ್ವಾರು ಅದನ್ನು ನಗೆಗೆ ಹೇಳಿರಲಿಲ್ಲ. ಆಮೇಲೆ ನಾನು ಹೋದಾಗಲೆಲ್ಲ, ಹೊರಡುವ ಮುಂಚೆ, ಮೆಟ್ಟಿಲ ತುದಿಯಲ್ಲಿ ನಿಲ್ಲಿಸಿ ಅದೇ ಮಾತು. ಸೀರೆ ಬೇಡ, ಊಟ ಹಾಕಿಸುವುದು ಬೇಡ, ಊರಿಗೆ ಒಯ್ಯುವುದು ಬೇಡ. ಅವರ ಎಡಕ್ಕೆ ಕೂಡಿಸಿದರೆ ಸಾಕು. ಬದುಕಿನಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ ಎಂದು ನನಗೆ ಗೊತ್ತಿತ್ತು.

ಮಾಸ್ತರರು ಹೋದದ್ದು ಒಂದು ಬೆಳಿಗ್ಗೆ, ಚಹಾ ಕುಡಿದು ಪೇಪರ್ ಮಡಚಿಡುವಾಗ. ಕೂತಲ್ಲೇ ಕತ್ತು ಹೊರಳಿತು. ಅದರ ಹಿಂದಿನ ತಿಂಗಳಷ್ಟೇ ಅವ್ವಾರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಎದ್ದು ಕೂರಲೂ ಆಗುತ್ತಿರಲಿಲ್ಲ, ಆ ಕಡಿದಾದ ಮೆಟ್ಟಿಲು ಇಳಿಯುವ ಮಾತು ದೂರವೇ ಉಳಿಯಿತು. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗಬಾರದೆಂಬ ಕಟ್ಟು ಇಲ್ಲ. ಹೆಣ ಎತ್ತುವ ಹೊತ್ತಿಗೆ ಅವರು ನನ್ನ ಮಣಿಕಟ್ಟು ಹಿಡಿದರು. ಅಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒಡೆಯಿತು.

"ನೀ ಹೋಗವ್ವ. ಎಲ್ಲಿ ಕೂಡಸ್ತಾರ ನೋಡಿಕೊಂಡು ಬಾ. ನನಗ ಹೋಗಾಕ ಆಗಾಂಗಿಲ್ಲ. ನೀ ನೋಡಿದ್ರ ನಾ ನೋಡಿದಂಗ."

ಹೋದೆ. ಪಟಾನ್‌ಚೆರು ದಾರಿಯಲ್ಲಿ, ರಸ್ತೆಯಿಂದ ಒಳಗೆ, ನಾಲ್ಕಾರು ಜಾತಿಯವರು ಹಂಚಿಕೊಂಡಿದ್ದ ಒಂದು ಮಣ್ಣು ಮಾಡುವ ಜಾಗ. ಒಂದು ಕಾಲಕ್ಕೆ ಸಾವಿರ ಜನ ಎದ್ದು ನಿಂತು ಚಪ್ಪಾಳೆ ಹೊಡೆದ ಮನುಷ್ಯನ ಹಿಂದೆ ಅವತ್ತು ನಾವು ಹನ್ನೊಂದು ಮಂದಿ. ಹಿಂದಿನ ಗೋಡೆಯ ಹತ್ತಿರ ಬೇವಿನ ಮರದ ಕೆಳಗೆ ಹೋಗಿ ನೋಡಿದರೆ ಗುಂಡಿ ಉದ್ದಕ್ಕೆ ಇದೆ. ಆರಡಿ ಉದ್ದ, ಎರಡಡಿ ಅಗಲ. ಬೆಳಿಗ್ಗೆ ಬಂದು ಹೇಳಿಹೋದ ನಮ್ಮವರೊಬ್ಬರು 'ಸಮಾಧಿ ತೋಡು' ಅಂದಿದ್ದರಷ್ಟೆ. ನಮಗೆ ಸಮಾಧಿ ಎಂದರೆ ಚೌಕವೇ. ಹೀಗೆ ಬೇಕು ಎಂದು ಬಿಡಿಸಿ ಹೇಳಬೇಕೆಂದೇ ಅವರಿಗೆ ಹೊಳೆದಿರಲಿಲ್ಲ.

ಗುಂಡಿ ತೋಡಿದ ಮುದುಕ ಗುದ್ದಲಿ ಬಿಸಾಡಿ ಕೂಗಾಡಿದ. "ಪೈಲೇ ಬೋಲ್ನಾ ನಾ ಅಮ್ಮಾ! ಮೈ ಸೋನೇ ಕಾ ಖೋದಾ, ತುಮಾರೇಕು ಬೈಠ್ನೇ ಕಾ ಹೋನಾ!" ನಾನು ಮಲಗುವುದು ತೋಡಿದೆ, ನಿಮಗೆ ಕೂರುವುದು ಬೇಕಂತೆ ಎಂದು ಅವನ ಸಿಟ್ಟು. ನಾನೂ ಬಿಡಲಿಲ್ಲ, ನನ್ನ ಹರಕು ಹಿಂದಿಯಲ್ಲಿ ಅವನ ಜೊತೆ ಬಾಯಿಗೆ ಬಾಯಿ ಹಚ್ಚಿ ಜಗಳ ಮಾಡಿದೆ. ಹೆಣದ ಮುಂದೆ ಜಗಳ! ಕೊನೆಗೆ ನನ್ನ ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿ, ಆ ಉದ್ದ ಗುಂಡಿಗೂ ಗೋಡೆಗೂ ನಡುವೆ ಇದ್ದ ಜಾಗದಲ್ಲಿ ಚೌಕ ಗುಂಡಿ ತೋಡಿಸಿದರು. ಅಲ್ಲಿಯವರೆಗೆ ಮಾಸ್ತರರು ಹೆಣ ಕೂಡಿಸಿ ಒಯ್ಯುವ ಬಿದಿರಿನ ವಿಮಾನದಲ್ಲಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಬೇವಿನ ಬುಡಕ್ಕೆ ಒರಗಿ ಕೂತಿದ್ದರು. ಅವರೇ ಬರೆದ ದೃಶ್ಯದ ಹಾಗೆ ಇತ್ತು, ಆದರೆ ಯಾರಿಗೂ ನಗು ಬರಲಿಲ್ಲ.

ಚೌಕ ಗುಂಡಿಯಿಂದ ತೆಗೆದ ಮಣ್ಣನ್ನು ಮುದುಕ ಹತ್ತಿರದಲ್ಲೇ ಇದ್ದ ಆ ಉದ್ದ ಗುಂಡಿಗೆ ಸುರಿಯುತ್ತಾ ಹೋದ. ಮಾಸ್ತರರನ್ನು ಮುಚ್ಚಲು ಬೇಕಾದಷ್ಟು ಇಟ್ಟು, ಉಳಿದದ್ದೆಲ್ಲ ಅಲ್ಲಿಗೇ. ಎರಡೂ ಗುಂಡಿಯ ಮಣ್ಣು ಸೇರಿ ಆ ಖಾಲಿ ಗುಂಡಿಯ ಮೇಲೆ ಒಳ್ಳೆ ದಿಬ್ಬ ಎದ್ದಿತು. ಮಾಸ್ತರರ ಮೇಲೆ ನಾಲ್ಕು ಇಟ್ಟಿಗೆ, ಒಂದು ಕಲ್ಲು. ಇಷ್ಟೇ ನಡೆದದ್ದು, ಇಷ್ಟನ್ನೂ ನಾನು ಕಣ್ಣಾರೆ ನೋಡಿದ್ದೆ.

ಮನೆಗೆ ಬಂದು ಸ್ನಾನ ಮಾಡಿ ಅವ್ವಾರ ಪಕ್ಕ ಕೂತೆ. ಅವರು ಕೇಳಿದ್ದು ಒಂದೇ.

"ಎಡಕ್ಕ ಜಾಗ ಐತೇನ?"

"ಐತ್ರಿ ಅವ್ವಾರ. ಗ್ವಾಡಿಗೂ ಮಾಸ್ತರ್ರಿಗೂ ನಡುವ ಒಬ್ಬರು ಆರಾಮ ಕುಂದ್ರುವಷ್ಟು ಐತಿ."

ಅದು ಸತ್ಯ. ಆ ಜಾಗದ ಬಗ್ಗೆ ನಾನು ಅವರಿಗೆ ಹೇಳಿದ ಕೊನೆಯ ಸತ್ಯವೂ ಅದೇ.

ಅದಾದ ಮೂರ್ನಾಲ್ಕು ವರ್ಷಕ್ಕೆ ನಮ್ಮ ಊರೇ ಗುರುತು ಸಿಗದ ಹಾಗಾಯಿತು. ಮಾದಾಪುರದ ಕಡೆ ಬಂಡೆ ಸಿಡಿಸುವ ಸದ್ದು ದಿನವಿಡೀ. ಮೊನ್ನೆ ಬಂಡೆ ಇದ್ದಲ್ಲಿ ಇವತ್ತು ಗಾಜಿನ ಕಟ್ಟಡ. ಬೆಂಗಳೂರು, ಮೈಸೂರು, ಮಂಗಳೂರಿನಿಂದ ಹುಡುಗರು ಹುಡುಗಿಯರು ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬಂದಿಳಿದರು. ಇಪ್ಪತ್ತು ಕುರ್ಚಿ ತುಂಬದ ನಮ್ಮ ಸಂಘಕ್ಕೆ ಈಗ ನಿಲ್ಲಲು ಜಾಗವಿಲ್ಲ. ನಮ್ಮ ಹಳಬರಲ್ಲಿ ಕೆಲವರು ತೀರಿಹೋದರು, ಕೆಲವರು ನಿವೃತ್ತರಾಗಿ ಬೀದರ, ರಾಯಚೂರು ಎಂದು ಹೊರಟುಹೋದರು. ಮಾಸ್ತರರ ಮಣ್ಣಿಗೆ ಬಂದಿದ್ದ ಹನ್ನೊಂದು ಮಂದಿಯಲ್ಲಿ ಊರಲ್ಲಿ ಉಳಿದದ್ದು ನಾನು, ನನ್ನ ಯಜಮಾನರು.

ಹೊಸ ಕಾರ್ಯದರ್ಶಿ ಮೈಸೂರಿನ ಹುಡುಗ. ಮೊದಲ ಭೇಟಿಯಲ್ಲೇ ನನ್ನನ್ನು ಆಂಟಿ ಅಂದ. ನನಗಿನ್ನೂ ನಲವತ್ತು ತುಂಬಿರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಆದರೆ ಒಳ್ಳೆಯವನು, ಹುರುಪಿನವನು, ಅದನ್ನು ಇಲ್ಲ ಅನ್ನಲಾರೆ. ಎಲ್ಲಿಂದಲೋ ಮಾಸ್ತರರ ನಾಟಕಗಳ ಹಳೆಯ ಪ್ರತಿ ಹುಡುಕಿ ತಂದ. ಹಾಡುವ ಹೆಂಗಸಿನ ಗೋರಿಯ ನಾಟಕವನ್ನು ಮೂರು ಸಲ ಆಡಿಸಿದ, ಮೂರು ಸಲವೂ ಗಂಡನ ಪಾತ್ರ ಅವನದೇ. ಹಲಗೆಗೆ ಗೋಣಿತಾಟು ಹೊದಿಸಿ ಕೆಮ್ಮಣ್ಣು ಬಳಿದ ಗೋರಿ, ಆಟೋದಲ್ಲಿ ಅಡ್ಡ ಇಟ್ಟುಕೊಂಡು ಬರುತ್ತಿದ್ದ. ಅವನಿಗೆ ಗೊತ್ತಿದ್ದ ಮಾಸ್ತರರು ಪುಸ್ತಕದ ಮಾಸ್ತರರು, ಗೊತ್ತಿದ್ದ ಗೋರಿ ಆ ಆಟೋದ ಗೋರಿ.

ಒಂದು ದಿನ ಫೋನು ಮಾಡಿದ. ಮಗಳ ಪರೀಕ್ಷೆ, ಮನೆ ತುಂಬ ನೆಂಟರು, ಒಲೆಯ ಮೇಲೆ ಹಾಲು.

"ಆಂಟಿ, ಮೇಷ್ಟ್ರ ಸಮಾಧಿ ಎಲ್ಲಿ ಬರುತ್ತೆ ಅಂತ ಒಂಚೂರು ಹೇಳ್ತೀರಾ? ನಾವೆಲ್ಲ ಸೇರಿ ಗ್ರಾನೈಟ್ ಹಾಕಿಸೋಣ ಅಂತಿದೀವಿ. ಅಂಥ ದೊಡ್ಡ ನಾಟಕಕಾರ, ಒಂದು ಕಲ್ಲೂ ಇಲ್ಲ ಅಂದ್ರೆ ನಮಗೇ ನಾಚಿಕೆ."

"ಹಿಂದಿನ ಗೋಡೆ, ಬೇವಿನ ಮರ, ಅದರ ಹತ್ತಿರಾನ ಐತಪ್ಪ. ತಡಿ, ಮುಂದಿನ ವಾರ ನಾನ ಬಂದು ತೋರಸ್ತೀನಿ" ಎಂದೆ. ಹಾಲು ಉಕ್ಕಿತು, ಫೋನು ಇಟ್ಟೆ. ಮುಂದಿನ ವಾರ ಹೋಗಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ನನ್ನ ಸೋಮಾರಿತನಕ್ಕಿಷ್ಟು ಬೆಂಕಿ ಹಾಕ! ಒಂದು ಬಸ್ಸು ಹತ್ತಿ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕಲ್ಲು ತೆರೆದು ತೋರಿಸುವ ದಿನ ನಾನು ಹೊಸ ಸೀರೆ ಉಟ್ಟು ಹೋದೆ. ಶಾಮಿಯಾನ ಹಾಕಿದ್ದರು, ಮೈಕು ಇತ್ತು, ನೂರಕ್ಕೆ ಕಡಿಮೆಯಿಲ್ಲದಷ್ಟು ಜನ. ಬಟ್ಟೆ ಸರಿಸಿದರು. ಕರಿ ಗ್ರಾನೈಟು, ಆರಡಿ ಉದ್ದ, ಬಂಗಾರದ ಅಕ್ಷರದಲ್ಲಿ ಮಾಸ್ತರರ ಹೆಸರು. ಕಟ್ಟಿದ್ದು ಆ ಖಾಲಿ ದಿಬ್ಬದ ಮೇಲೆ.

ಗೋಡೆಯ ಕಡೆ ನೋಡಿದೆ. ಮಾಸ್ತರರು ಇದ್ದ ಜಾಗ ಮಳೆಗೆ ಕುಸಿದು ಸಪಾಟಾಗಿತ್ತು, ಇಟ್ಟಿಗೆ ಕಲ್ಲು ಯಾರೋ ಒಯ್ದಿದ್ದರು. ಗುಂಡಿ ತೋಡಿದ್ದ ಮುದುಕನೂ ಊರು ಬಿಟ್ಟಿದ್ದನಂತೆ, ಕೇಳಲು ಯಾರೂ ಇರಲಿಲ್ಲ. ಹುಡುಗರು ಬಂದು ನೋಡಿದ್ದಾರೆ, ಬೇವಿನ ಹತ್ತಿರ ಒಂದು ಉದ್ದ ದಿಬ್ಬ ಕಂಡಿದೆ, ಗೋರಿ ಎಂದರೆ ಹೀಗೆಯೇ ಅಲ್ಲವೇ, ಕಟ್ಟಿಬಿಟ್ಟಿದ್ದಾರೆ. ಬಂದವರೆಲ್ಲ ಗ್ರಾನೈಟಿಗೆ ಹೂ ಏರಿಸುವ ಮುಂಚೆ ಚಪ್ಪಲಿ ಕಳಚಿ ಪಕ್ಕದ ಆ ಸಪಾಟು ಜಾಗದಲ್ಲಿ ಬಿಟ್ಟಿದ್ದರು. ಮಾಸ್ತರರ ನೆತ್ತಿಯ ಮೇಲೆ ನೂರು ಜೊತೆ ಚಪ್ಪಲಿ! ನನ್ನವೂ ಅಲ್ಲೇ ಇದ್ದವು.

ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತಾ ಬಂದ. ಮುಖ ಅರಳಿತ್ತು. "ಹೇಗಿದೆ ಆಂಟಿ?"

"ಭಾಳ ಚಂದ ಆಗೇತಪ್ಪ" ಎಂದೆ.

ಯಾಕೆ ಹಾಗಂದೆ? ಇವತ್ತಿಗೂ ನನ್ನನ್ನೇ ನಾನು ಕೇಳಿಕೊಳ್ಳುತ್ತೇನೆ. ಅಷ್ಟು ಜನರ ಮುಂದೆ ಆ ಹುಡುಗನ ಮುಖ ಬಾಡಿಸುವುದು ಹೇಗೆ ಎಂದುಕೊಂಡೆ. ಅದು ಅರ್ಧ ಮಾತು. ಬರುತ್ತೇನೆ ಎಂದು ಹೇಳಿ ಬರದೇ ಇದ್ದವಳು ನಾನು, ತಪ್ಪು ನನ್ನ ತಲೆಗೆ ಬರುತ್ತದೆ ಎಂಬ ಹೆದರಿಕೆ ಇನ್ನರ್ಧ. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಕಲ್ಲು ನಾಕ ಅಡಿ ಅತ್ತಾಗ ಇತ್ತಾಗ ಆದ್ರ ಏನಾತು ಈಗ? ಸತ್ತವರೇನು ಎದ್ದು ಬಂದು ಕೇಳತಾರೇನು? ಸುಮ್ನ ಇರು."

ಸುಮ್ಮನಿರು ಎಂದು ಇನ್ನೊಬ್ಬರು ಹೇಳಿದರೆ ಎಷ್ಟು ಹಾಯೆನಿಸುತ್ತದೆ! ಅವರಾದರೂ ಮುಂದಿನ ವರ್ಷ ವಿಶಾಖಪಟ್ಟಣಕ್ಕೆ ವರ್ಗವಾಗಿ ಹೋದರು. ನಾನು ಮಗಳ ಓದಿಗೆಂದು ಇಲ್ಲೇ ಉಳಿದೆ, ಆ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು.

ಅವ್ವಾರಿಗೆ ಆ ಹುಡುಗ ಕಲ್ಲಿನ ಫೋಟೋ ತೆಗೆಸಿ ಕಟ್ಟು ಹಾಕಿಸಿ ತಂದುಕೊಟ್ಟ. ಅವರು ಮಂಚದ ಮೇಲೆ ದಿಂಬಿಗೊರಗಿ ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ನಾನು ಅಲ್ಲೇ ಇದ್ದೆ, ಇದ್ದದ್ದೇ ತಪ್ಪಾಯಿತು.

"ಉದ್ದ ಐತಲ್ಲವ್ವ ಇದು? ಇವರನ್ನ ಕೂಡಿಸೇ ಇಟ್ಟಾರಲ್ಲ?"

"ಕೂಡಿಸೇ ಇಟ್ಟಾರ್ರಿ. ನಾ ನೋಡೀನಲ್ಲ. ಕಲ್ಲಷ್ಟ ಉದ್ದ ಮಾಡ್ಯಾರ, ನೋಡಾಕ ಚಂದ ಕಾಣಲಿ ಅಂತ."

"ಎಡಕ್ಕ ಜಾಗ ಬಿಟ್ಟಾರೇನ?"

"ಬಿಟ್ಟಾರ್ರಿ."

ಕಾರ್ಯದರ್ಶಿ ಇದನ್ನು ಕೇಳಿಸಿಕೊಂಡು ಅವರ ಮಂಚದ ಪಕ್ಕ ಮಂಡಿಯೂರಿದ. "ಅಮ್ಮಾ, ಮೇಷ್ಟ್ರ ಎಡಗಡೆ ಜಾಗ ನಿಮ್ಮದೇ. ನಾನು ಮಾತು ಕೊಡ್ತಿದೀನಿ" ಅಂದ. ಅವ್ವಾರು ಅವನ ಗಲ್ಲ ನೇವರಿಸಿ ಬೆರಳು ಮುರಿದು ದೃಷ್ಟಿ ತೆಗೆದರು. ಆ ಗ್ರಾನೈಟಿನ ಎಡಗಡೆ ಎಂದರೆ ಎಲ್ಲಿ? ಮಾಸ್ತರರು ಕೂತಿರುವ ಜಾಗವೇ. ಅಲ್ಲಿ ಗುದ್ದಲಿ ಹಾಕಿದರೆ ಬೀಳುವುದು ಅವರ ಮೇಲೆಯೇ.

ಆವತ್ತೇ ಹೇಳಬೇಕಿತ್ತು. ಇಬ್ಬರೂ ಒಟ್ಟಿಗೆ ಮೆಟ್ಟಿಲು ಇಳಿದೆವು, ಹಿಮಾಯತ್‌ನಗರದ ರಸ್ತೆಯಲ್ಲಿ ಬಟ್ಟೆ ಅಂಗಡಿಗಳ ಮುಂದೆ ಅರ್ಧ ಮೈಲಿ ಒಟ್ಟಿಗೆ ನಡೆದೆವು. ಮಾತು ನಾಲಗೆಯ ತುದಿಯಲ್ಲಿತ್ತು. ಅವನಿಗೆ ಆಫೀಸಿನಿಂದ ಫೋನು ಬಂತು. ಅವನು ಮಾತಾಡುತ್ತಲೇ ಕೈ ಬೀಸಿ ಆಟೋ ಹತ್ತಿದ. ನಾನು ಕರಿಬೇವು ಕೊಂಡುಕೊಂಡು ಮನೆಗೆ ಹೋದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಎರಡು ವರ್ಷವಾಯಿತು. ನಡುನಡುವೆ ಅವ್ವಾರಿಗೆ ಜ್ವರ ಬಂದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಗುಣವಾದರೆ ಮತ್ತೆ ಹೇಳುವ ಅವಸರ ಹೋಗಿಬಿಡುತ್ತಿತ್ತು.

ಅವ್ವಾರು ಒಂದು ಬೆಳಿಗ್ಗೆ ಎಂಟರ ಸುಮಾರಿಗೆ ತೀರಿಕೊಂಡರು. ನಾನು ಹೋಗುವ ಹೊತ್ತಿಗೆ ಕಾರ್ಯದರ್ಶಿ ಆಫೀಸಿಗೆ ರಜೆ ಹಾಕಿ ಬಂದಿದ್ದ, ಎಲ್ಲರಿಗೂ ಫೋನು ಮಾಡುತ್ತಿದ್ದ. ನಾನೂ ಕೆಳಗಿನ ದರ್ಜಿಯ ಹೆಂಡತಿಯೂ ಸೇರಿ ಮೈ ತೊಳೆದೆವು. ಹಗುರಾಗಿಬಿಟ್ಟಿದ್ದರು. ಹಣೆಗೆ ವಿಭೂತಿ ಹಚ್ಚುತ್ತಿದ್ದೆ, ಅವನು ಬಾಗಿಲ ಹೊರಗೆ ನಿಂತು ಹೇಳಿದ:

"ಆಂಟಿ, ಮಂತ್ರ ಹೇಳೋಕೆ ಬರೋ ಅಯ್ಯನವರು ಹೇಳಿದ ಹಾಗೆ ಗುಂಡಿ ಚೌಕವಾಗೇ ತೋಡಿಸ್ತಿದೀನಿ. ಗ್ರಾನೈಟಿನ ಎಡಗಡೆಗೇ. ಆಗಲೇ ಅರ್ಧ ಆಗಿರಬೇಕು."

ಅಲ್ಲೇ, ಆ ಕೋಣೆಯಲ್ಲಿ, 'ನಿಲ್ಲಿಸಪ್ಪಾ' ಎಂದು ಒಂದು ಮಾತು ಅಂದಿದ್ದರೆ ಅವನು ಫೋನು ಮಾಡಿ ನಿಲ್ಲಿಸುತ್ತಿದ್ದ. ಅನ್ನಲಿಲ್ಲ. ಹೋಗಿ ನಾನೇ ನಿಲ್ಲಿಸುತ್ತೇನೆ, ಯಾರಿಗೂ ತಿಳಿಯದ ಹಾಗೆ ಗುಂಡಿ ಗೋಡೆಯ ಕಡೆ ಸರಿಸಿಬಿಡುತ್ತೇನೆ ಎಂಬ ದುರಾಸೆ. 'ಅಲ್ಲಿ ವ್ಯವಸ್ಥೆ ನೋಡತೀನಿ' ಎಂದು ಹೇಳಿ ಒಬ್ಬಳೇ ಆಟೋ ಹತ್ತಿದೆ. ಪಟಾನ್‌ಚೆರು ದಾರಿಯಲ್ಲಿ ರಸ್ತೆ ಅಗೆದಿದ್ದರು. ಕಾರ್ಖಾನೆಯ ಬಸ್ಸುಗಳು, ಆಫೀಸಿನ ಕ್ಯಾಬುಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತಿದ್ದವು. ಆಟೋದವನನ್ನು ಬೈದೆ, ಬಸ್ಸಿನವನನ್ನು ಬೈದೆ, ದೇವರನ್ನೂ ಬಿಡಲಿಲ್ಲ. ಕೊನೆಗೆ ಇಳಿದು ಸೆರಗು ಸಿಕ್ಕಿಸಿಕೊಂಡು ಓಡಿದೆ.

ಗುಂಡಿ ತೋಡುವವನು ಹೊಸಬ, ತೆಲುಗಿನವನು. ಗುಂಡಿಯಿಂದ ಮೇಲೆ ಬಂದು ಗ್ರಾನೈಟಿನ ಅಂಚಿನಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಅಮ್ಮಾ, ಇಕ್ಕಡ ಎವರೋ ಕೂರ್ಚುನಿ ಉನ್ನಾರು."

ಇಲ್ಲಿ ಯಾರೋ ಕೂತಿದ್ದಾರೆ. ನಾನು ಬಗ್ಗಿ ನೋಡಿದೆ. ಗೂಡಿನ ಮುಂಭಾಗ ಒಡೆದಿತ್ತು. ವಿಭೂತಿ ನೀರು ಕುಡಿದು ಸುಣ್ಣದ ಮುದ್ದೆಯಾಗಿತ್ತು. ಅದರ ನಡುವೆ ಮಡಚಿದ ಎರಡು ಮೊಣಕಾಲಿನ ಮೂಳೆ, ಒಂದಕ್ಕೆ ಗುದ್ದಲಿಯ ಏಟು ಬಿದ್ದು ಸೀಳಿತ್ತು. ಬೆರಳಿನ ಮೂಳೆಗಳ ಜೊತೆ ಕಪ್ಪಗೆ ಲಿಂಗ. ನಾನು ನೋಡಿದ್ದ ಬೆರಳು ಅವು, ನನ್ನ ಎದುರಿಗೆ ಚಹಾದ ಬಟ್ಟಲು ಹಿಡಿದ ಬೆರಳು. ಬೇವಿನ ಮರ ಹಿಡಿದುಕೊಂಡು ನಿಂತೆ. ಹೊರಗಿನವರು ಬರುವ ಮುಂಚೆ ಮುಚ್ಚಿಸಿ, ಗೋಡೆಯ ಕಡೆ ತೋಡಿಸಬಹುದಿತ್ತು. ಆ ಜಾಗ ಇನ್ನೂ ಹಾಗೆಯೇ ಇತ್ತು, ಒಬ್ಬರು ಆರಾಮವಾಗಿ ಕೂರುವಷ್ಟು. ಆದರೆ ನನ್ನ ಬಾಯಿಂದ ಶಬ್ದ ಹೊರಡುವ ಮೊದಲೇ ಗೇಟಿನಲ್ಲಿ ವ್ಯಾನು ನಿಂತಿತು.

ಅರವತ್ತು ಎಪ್ಪತ್ತು ಮಂದಿ ಇಳಿದರು. ಅವ್ವಾರನ್ನು ವಿಮಾನದಲ್ಲಿ ಹೊತ್ತು ತಂದು ಮರದ ನೆರಳಿನಲ್ಲಿ ಇಟ್ಟರು. ಎಲ್ಲರೂ ಗುಂಡಿಯ ಸುತ್ತ ಸೇರಿದರು. ಒಬ್ಬಳು ಹುಡುಗಿ ಅಯ್ಯೋ ಎಂದು ಮುಖ ಮುಚ್ಚಿಕೊಂಡಳು. ಕಾರ್ಯದರ್ಶಿಯ ಮುಖ ಬಿಳಿಚಿಕೊಂಡಿತು. ಮಂತ್ರ ಹೇಳಲು ಬಂದಿದ್ದ ಅಯ್ಯನವರು ವಯಸ್ಸಾದವರು. ಬಗ್ಗಿ ಒಂದು ಗಳಿಗೆ ನೋಡಿದರು, ಆಮೇಲೆ ನೆಟ್ಟಗೆ ನನ್ನ ಕಡೆ ತಿರುಗಿದರು.

"ನಮ್ಮವರ ಪೈಕಿನ ಯಾರೋ ಅದಾರ. ಮಾಸ್ತರ್ರನ್ನ ಮಣ್ಣ ಮಾಡುವಾಗ ನೀ ಒಬ್ಬಾಕಿನ ಅಂತಲ್ಲವ್ವ ಇಲ್ಲಿದ್ದಾಕಿ? ಇವರ್ಯಾರು ಅಂತ ನಿನಗೇನರ ಗೊತ್ತೈತೇನು? ಗೊತ್ತಿದ್ರ ಹೇಳು, ಇವರಿಗೂ ಹೆಸರು ಹಿಡಿದು ಎರಡು ಮಂತ್ರ ಹೇಳಿ ಮುಚ್ಚತೀನಿ."

ಅಷ್ಟು ಕಣ್ಣು ನನ್ನ ಮೇಲೆ. ಹೇಳಿದರೆ ಎರಡು ವರ್ಷದ ಸುಳ್ಳೂ ಹೇಳಬೇಕು, ನೂರು ಜೊತೆ ಚಪ್ಪಲಿಯನ್ನೂ ಹೇಳಬೇಕು, ಆ ಸೀಳಿದ ಮೂಳೆ ನನ್ನ ಕೈಯಿಂದಲೇ ಸೀಳಿತು ಎಂದು ಹೇಳಬೇಕು. ಅವ್ವಾರು ಅಲ್ಲೇ ಕೂತಿದ್ದರು, ಕತ್ತು ವಾಲದಿರಲೆಂದು ಬಿದಿರಿಗೆ ಬಟ್ಟೆಯಿಂದ ಕಟ್ಟಿದ್ದರು. ನಾಚಿಕೆ ಎಂಬುದು ಸಾವಿಗಿಂತ ದೊಡ್ಡದಾಗಿ ಕಾಣುತ್ತದೆಯೇ ಮನುಷ್ಯರಿಗೆ? ನನಗೆ ಕಂಡಿತು.

"ಗೊತ್ತಿಲ್ರಿ ಅಯ್ಯನವರ" ಎಂದೆ.

"ಪಾಪ, ಯಾರೋ ಅನಾಥರು" ಅಂದ ಕಾರ್ಯದರ್ಶಿ. ಅವನೇ ಮೊದಲ ಹಿಡಿ ಮಣ್ಣು ಹಾಕಿದ. ಹೆಸರಿಲ್ಲದೆ, ಮಂತ್ರವಿಲ್ಲದೆ ಮಾಸ್ತರರನ್ನು ಎರಡನೆಯ ಸಲ ಮುಚ್ಚಿದರು. ಗುಂಡಿಯವನು ಗ್ರಾನೈಟಿನ ಆಚೆ ಮಗ್ಗುಲಿಗೆ, ಬಲಗಡೆಗೆ, ಹೊಸ ಗುಂಡಿ ತೋಡಿದ. ಎರಡು ಗಂಟೆ ಹಿಡಿಯಿತು. ಬಿಸಿಲು ಸರಿದು ಅವ್ವಾರ ಮುಖದ ಮೇಲೆ ಬಂತು. ಯಾರೋ ಕೊಡೆ ಹಿಡಿದರು. 'ಎಡಕ್ಕೆ ಆಗದಿದ್ದರೆ ಬಲಕ್ಕಾದರೂ ಪಕ್ಕದಲ್ಲೇ ಆಯ್ತಲ್ಲ' ಎಂದು ಜನ ಸಮಾಧಾನ ಹೇಳಿಕೊಂಡರು. ಅವರನ್ನು ಇಳಿಸಿ ಗೂಡಿನಲ್ಲಿ ಕೂಡಿಸಿದರು, ಅಂಗೈಯಲ್ಲಿ ಲಿಂಗವಿಟ್ಟರು, ವಿಭೂತಿ ತುಂಬಿದರು.

ಎಲ್ಲರೂ ಸಾಲಾಗಿ ಬಂದು ಮಣ್ಣು ಹಾಕಿದರು, ನಾನೂ ಮೂರು ಹಿಡಿ ಹಾಕಿದೆ. ಅತ್ತ ಗೋಡೆಯ ಕಡೆ ಮಾಸ್ತರರು, ಇತ್ತ ಅವ್ವಾರು, ನಡುವೆ ಯಾರೂ ಇಲ್ಲದ ಆರಡಿ ಕಲ್ಲು. ಕೈ ತೊಳೆಯುವಾಗ ಕಾರ್ಯದರ್ಶಿ ಹತ್ತಿರ ಬಂದ. ಅವನ ಕಣ್ಣು ಕೆಂಪಾಗಿದ್ದವು.

"ಆಂಟಿ, ಆವತ್ತು ಜಾಗ ನೋಡಿಟ್ಟುಕೊಂಡು ನಮಗೆ ಹೇಳೋಕೆ ನೀವೊಬ್ಬರು ಇದ್ರಿ. ಇಲ್ಲದಿದ್ರೆ ಅಮ್ಮನಿಗೆ ಮೇಷ್ಟ್ರ ಪಕ್ಕ ಕೂರೋ ಪುಣ್ಯ ಇರ್ತಿರಲಿಲ್ಲ."

"ಹೌದಪ್ಪ" ಎಂದೆ.